ಅರವತ್ತಕ್ಕೆ ಮುಂಚೆ ಏರುವ ವಿಮಾ ಕಂತಿಗೂ ಮಿತಿ ಬೇಕು

ಸಂಪಾದಕರಿಗೆ ನಮಸ್ಕಾರಗಳು.

ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರಷ್ಟು ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು. ಪತ್ರಿಕೆಗಳೆಲ್ಲ ಇದನ್ನು ಮಧ್ಯಮ ವರ್ಗಕ್ಕೆ ಸಿಕ್ಕ ದೊಡ್ಡ ನೆಮ್ಮದಿ ಎಂದು ಬರೆದವು. ಸರ್ಕಾರ ತೆರಿಗೆ ಬಿಟ್ಟಿದ್ದು ನಿಜ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನವೆಂಬರ್‌ನಲ್ಲಿ ನಮ್ಮ ಪಾಲಿಸಿಯ ನವೀಕರಣದ ನೋಟಿಸ್ ಬಂದಾಗ ಕಟ್ಟಬೇಕಾದ ಮೊತ್ತ ಕಳೆದ ವರ್ಷಕ್ಕಿಂತ ಹೆಚ್ಚಾಗಿತ್ತು. ತೆರಿಗೆಯೇ ಇಲ್ಲದ ಬಿಲ್ಲು, ತೆರಿಗೆ ಇದ್ದ ಬಿಲ್ಲಿಗಿಂತ ದೊಡ್ಡದಾದದ್ದು ಹೇಗೆ ಎಂದು ತಿಳಿಯಲು ನಾನು ಪಟ್ಟ ಪಾಡು ಬೇರೆ ಪಾಲಿಸಿದಾರರಿಗೂ ಉಪಯೋಗವಾಗಬಹುದು ಎಂದು ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಈಗ 57 ವರ್ಷ, ನಮ್ಮ ಯಜಮಾನರಿಗೆ 59. ನಾನು ಬನಶಂಕರಿಯ ಒಂದು ಅನುದಾನರಹಿತ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಈಗ ಹನುಮಂತನಗರದ ಮನೆಯಲ್ಲೇ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಯಜಮಾನರದು ಶ್ರೀನಗರದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಪುಟ್ಟ ಅಂಗಡಿ. ಇಬ್ಬರಿಗೂ ಪಿಂಚಣಿ ಇಲ್ಲ, ವಿಮೆ ಮಾಡಿಸಿಕೊಡುವ ಕಂಪನಿಯೂ ಇಲ್ಲ. 2012ರಲ್ಲಿ ನಾವೇ ಮೂರು ಲಕ್ಷದ ಫ್ಲೋಟರ್ ಪಾಲಿಸಿ (ಇಬ್ಬರಿಗೂ ಸೇರಿ ಒಂದೇ ವಿಮಾ ಮೊತ್ತ) ಮಾಡಿಸಿ, ಕ್ರಮೇಣ ಅದನ್ನು ಹತ್ತು ಲಕ್ಷಕ್ಕೆ ಏರಿಸಿಕೊಂಡೆವು. ಒಂದು ವರ್ಷವೂ ಕಂತು ತಪ್ಪಿಸಿಲ್ಲ. ಕೊರೊನಾ ಕಾಲದಲ್ಲಿ ಅಂಗಡಿ ಮುಚ್ಚಿದ್ದಾಗಲೂ ಕಟ್ಟಿದ್ದೇವೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಕಳೆದ ವರ್ಷ ಮೂಲ ಪ್ರೀಮಿಯಂ 34,600 ರೂಪಾಯಿ, ಅದರ ಮೇಲೆ ಜಿಎಸ್‌ಟಿ 6,228 ರೂಪಾಯಿ, ಒಟ್ಟು 40,828. ಈ ವರ್ಷದ ಮೂಲ ಪ್ರೀಮಿಯಂ 44,980. ತೆರಿಗೆ ಸೊನ್ನೆ. ಹಾಗಾಗಿ ಒಟ್ಟು ಮೊತ್ತವೂ ಅಷ್ಟೇ. ಸಹಾಯವಾಣಿಗೆ ಕರೆ ಮಾಡಿದಾಗ ಆ ಕಡೆಯ ಹುಡುಗ, 'ಮೇಡಂ, ಸುಮಾರು ಹತ್ತು ಪರ್ಸೆಂಟ್ ಮಾತ್ರ ಹೆಚ್ಚಾಗಿದೆ, ಎಲ್ಲ ಕಂಪನಿಗಳಲ್ಲೂ ಹೀಗೆಯೇ' ಎಂದ. ಕಟ್ಟುವ ಒಟ್ಟು ಹಣವನ್ನು ಮಾತ್ರ ನೋಡಿದರೆ ಅವನ ಮಾತು ಸರಿ. 40,828ರಿಂದ 44,980ಕ್ಕೆ ಏರಿದರೆ ಶೇ 10ರಷ್ಟೇ ಆಗುತ್ತದೆ. ಆದರೆ ಕಂಪನಿಯ ಪಾಲಿಗೆ ಹೋಗುವ ಹಣ 34,600ರಿಂದ 44,980ಕ್ಕೆ ಏರಿದೆ. ಅದು ಸರಿಯಾಗಿ ಶೇ 30ರಷ್ಟು ಹೆಚ್ಚಳ. ಸರ್ಕಾರ ಬಿಟ್ಟುಕೊಟ್ಟ 6,228 ರೂಪಾಯಿ ನಮ್ಮ ಕೈಗೆ ಬರಲೇ ಇಲ್ಲ. ಅದರ ಮೇಲೆ ಇನ್ನೂ 4,152 ರೂಪಾಯಿಯನ್ನು ನಾವು ಸೇರಿಸಿ ಕೊಟ್ಟಿದ್ದೇವೆ. ಕಂಪನಿ ಶೇ 10ರಷ್ಟು ಏರಿಸಿದ್ದರೂ ನಾವು 38,060 ರೂಪಾಯಿ ಕಟ್ಟುತ್ತಿದ್ದೆವು, ಅಂದರೆ ಕಳೆದ ವರ್ಷಕ್ಕಿಂತ 2,768 ರೂಪಾಯಿ ಕಡಿಮೆ.

ಓದುಗರು ದಯವಿಟ್ಟು ತಮ್ಮ ಹಳೆಯ ರಸೀದಿ ತೆಗೆದು ಇದೇ ಲೆಕ್ಕ ಮಾಡಬೇಕು. ಒಟ್ಟು ಮೊತ್ತವನ್ನು ಒಟ್ಟು ಮೊತ್ತಕ್ಕೆ ಹೋಲಿಸಬೇಡಿ. ತೆರಿಗೆಗೆ ಮುಂಚಿನ ಮೊತ್ತವನ್ನು ತೆರಿಗೆಗೆ ಮುಂಚಿನ ಮೊತ್ತಕ್ಕೆ ಹೋಲಿಸಿ. ನಿಮ್ಮ ಕಂತು 'ಏನೂ ಬದಲಾಗಿಲ್ಲ' ಎಂದು ಕಂಡರೆ, ಮೂಲ ದರ ಶೇ 18ರಷ್ಟು ಏರಿದೆ ಎಂದೇ ಅರ್ಥ.

ಕಂಪನಿಗಳು ಒಂದು ಸಮಜಾಯಿಷಿ ಕೊಡುತ್ತವೆ. ಜಿಎಸ್‌ಟಿ ಇದ್ದಾಗ ತಾವು ಏಜೆಂಟರ ಕಮಿಷನ್, ಕಚೇರಿ ಬಾಡಿಗೆ, ಸಾಫ್ಟ್‌ವೇರ್ ಮುಂತಾದವುಗಳ ಮೇಲೆ ಕಟ್ಟಿದ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಹೊಂದಿಸಿಕೊಳ್ಳುತ್ತಿದ್ದೆವು, ವಿನಾಯಿತಿ ಬಂದ ಮೇಲೆ ಆ ಜಮೆ ಸಿಗುತ್ತಿಲ್ಲ ಎನ್ನುತ್ತವೆ. ಈ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ನೂರು ರೂಪಾಯಿ ಪ್ರೀಮಿಯಂಗೆ ನಾವು ಕೊಡುತ್ತಿದ್ದ ತೆರಿಗೆಯೇ 18 ರೂಪಾಯಿ. ಕಂಪನಿ ಹೊಂದಿಸಿಕೊಳ್ಳುತ್ತಿದ್ದ ಜಮೆ ಅದರಲ್ಲಿ ಒಂದು ಭಾಗ. ನಮ್ಮ ಏರಿಕೆ ಮಾತ್ರ 30 ರೂಪಾಯಿ. ಉಳಿದದ್ದಕ್ಕೆ ಕಾರಣ ಏನು?

ಈ ಪ್ರಶ್ನೆಗೆ ಸಹಾಯವಾಣಿಯಲ್ಲಿ ಇನ್ನೊಬ್ಬರು ಕೊಟ್ಟ ಉತ್ತರ ಕೇಳಿ ನನಗೆ ನಿಜವಾಗಿಯೂ ಕೋಪ ಬಂತು. 'ಕಳೆದ ವರ್ಷ ನೀವು ಕ್ಲೇಮ್ ಮಾಡಿದ್ದೀರಲ್ಲ, ಅದಕ್ಕೇ' ಎಂದರು. ಹೌದು, ಕಳೆದ ವರ್ಷ ಯಜಮಾನರಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆ ಆಯಿತು. ಹನ್ನೆರಡು ವರ್ಷ ಕಂತು ಕಟ್ಟಿದ ಮೇಲೆ ಬಂದ ಮೊದಲ ದೊಡ್ಡ ಬಿಲ್ಲು ಅದು. ಕಾಯಿಲೆ ಬಂದವರನ್ನು ಅಪರಾಧಿಗಳಂತೆ ಕಾಣುವ ಈ ಮಾತು ನಿಯಮಕ್ಕೂ ವಿರುದ್ಧ. ನಮ್ಮ ಪಾಲಿಸಿ ಪುಸ್ತಿಕೆಯಲ್ಲೇ ಅಚ್ಚಾಗಿದೆ: ಪಾಲಿಸಿದಾರರು ವೈಯಕ್ತಿಕವಾಗಿ ಮಾಡಿದ ಕ್ಲೇಮುಗಳ ಆಧಾರದ ಮೇಲೆ ನವೀಕರಣದ ವೇಳೆ ಹೆಚ್ಚುವರಿ ಹೊರೆ ಹಾಕುವಂತಿಲ್ಲ. ಕ್ಲೇಮ್ ಮಾಡಿದರೆಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತೆಯೂ ಇಲ್ಲ. ಇದು ಒಂದು ಕಂಪನಿಯ ಔದಾರ್ಯ ಅಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡಿದ ಷರತ್ತು. ಕ್ಲೇಮ್ ಮಾಡಿದರೆ, ಕ್ಲೇಮ್ ಇಲ್ಲದ ವರ್ಷಗಳಿಗಾಗಿ ಕೂಡಿಬಂದ ಬೋನಸ್ ಕಡಿಮೆಯಾಗಬಹುದು, ಅಷ್ಟೇ. ಫೋನಿನಲ್ಲಿ ಯಾರಾದರೂ ಹೀಗೆ ಹೇಳಿದರೆ ಅದನ್ನೇ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ.

ನಾನೂ ಬರವಣಿಗೆಯಲ್ಲೇ ಕೇಳಿದೆ. ಕುಂದುಕೊರತೆ ವಿಭಾಗದಿಂದ ಇಂಗ್ಲಿಷಿನಲ್ಲಿ ಉತ್ತರ ಬಂತು. ಕ್ಲೇಮಿಗೂ ಏರಿಕೆಗೂ ಸಂಬಂಧವಿಲ್ಲ, ಈ ಯೋಜನೆಯಲ್ಲಿರುವ ಎಲ್ಲರ ದರವನ್ನೂ ಪರಿಷ್ಕರಿಸಲಾಗಿದೆ, ವೈದ್ಯಕೀಯ ವೆಚ್ಚದ ಹಣದುಬ್ಬರ ಮತ್ತು ಯೋಜನೆಯ ಒಟ್ಟಾರೆ ಕ್ಲೇಮುಗಳು ಇದಕ್ಕೆ ಕಾರಣ ಎಂದಿತ್ತು. ಆ ಯೋಜನೆಯಲ್ಲಿ ಎಷ್ಟು ಹಣ ಸಂಗ್ರಹವಾಯಿತು, ಎಷ್ಟು ಹಣ ಆಸ್ಪತ್ರೆಗಳಿಗೆ ಹೋಯಿತು ಎಂದು ಮತ್ತೆ ಕೇಳಿದೆ. ಅದನ್ನು ತಿಳಿಸಲು ಬರುವುದಿಲ್ಲ ಎಂದರು. ವಯಸ್ಸಿನ ಹಂತ ಬದಲಾದದ್ದೂ ಕಾರಣವಲ್ಲ. ನಮ್ಮ ಪಾಲಿಸಿಯ ದರಪಟ್ಟಿಯಲ್ಲಿ 56ರಿಂದ 60 ವರ್ಷದವರೆಗೆ ಒಂದೇ ಹಂತ. ಮುಂದಿನ ಹಂತಕ್ಕೆ ಕಾಲಿಟ್ಟಾಗ ಬರುವ ಏರಿಕೆ ಇನ್ನೂ ಬಾಕಿ ಇದೆ.

ಇಲ್ಲಿಂದ ನನ್ನ ಮುಖ್ಯ ಮಾತು. 2025ರ ಜನವರಿ 30ರಂದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ ಒಂದು ಒಳ್ಳೆಯ ಆದೇಶ ಹೊರಡಿಸಿತು. ಹಿರಿಯ ನಾಗರಿಕರ ಆರೋಗ್ಯ ವಿಮೆಯ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವುದಾದರೆ ಕಂಪನಿ ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕು. ಹಿರಿಯ ನಾಗರಿಕರಿಗೆ ಕೊಡುತ್ತಿರುವ ವೈಯಕ್ತಿಕ ವಿಮಾ ಯೋಜನೆಯನ್ನು ಹಿಂತೆಗೆದುಕೊಳ್ಳುವುದಾದರೂ ಹಾಗೆಯೇ. ಆದರೆ ಈ ರಕ್ಷಣೆ 60 ವರ್ಷ ತುಂಬಿದವರಿಗೆ ಮಾತ್ರ. ನಮ್ಮ ಯಜಮಾನರಿಗೆ 59. ಮುಂದಿನ ವರ್ಷ ಶೇ 10 ದಾಟಿ ಏರಿಸಬೇಕೆಂದರೆ ಕಂಪನಿ ಹೈದರಾಬಾದಿನಲ್ಲಿರುವ ಪ್ರಾಧಿಕಾರಕ್ಕೆ ಹೋಗಿ ವಿವರಣೆ ಕೊಡಬೇಕಾಗುತ್ತದೆ. ಈ ವರ್ಷ ಶೇ 30ರಷ್ಟು ಏರಿಸಲು ಅಂಥ ಯಾವ ತಡೆಯೂ ಇರಲಿಲ್ಲ.

ನಮ್ಮ ಕಂಪನಿ ಇದನ್ನು ಲೆಕ್ಕ ಹಾಕಿಯೇ ಮಾಡಿತು ಎಂದು ನಾನು ಆರೋಪಿಸುತ್ತಿಲ್ಲ. ಅದಕ್ಕೆ ನನ್ನಲ್ಲಿ ಪುರಾವೆ ಇಲ್ಲ. ಆದರೆ ನಿಯಮದ ರಚನೆಯೇ ಅದಕ್ಕೆ ದಾರಿ ಮಾಡಿಕೊಟ್ಟಿದೆ. ಅರವತ್ತರ ನಂತರ ಶೇ 10ರ ಲೆಕ್ಕ ಶುರುವಾಗುವುದು ಅರವತ್ತಕ್ಕೆ ಮುಂಚೆ ನಿಂತ ಮೊತ್ತದ ಮೇಲೆ. ಆ ಮೊತ್ತವನ್ನು 58, 59ರಲ್ಲಿ ಎತ್ತರಿಸಿಬಿಟ್ಟರೆ ಆಮೇಲಿನ ಮಿತಿಯಿಂದ ಸಿಗುವ ಲಾಭ ಕುಗ್ಗುತ್ತದೆ. ಮಕ್ಕಳಿಗೆ ಚಕ್ರಬಡ್ಡಿ ಕಲಿಸುವವಳು ನಾನು. ವರ್ಷಕ್ಕೆ ಶೇ 10ರಂತೆ ಏರುವ ಯಾವ ಮೊತ್ತವಾದರೂ ಎಂಟು ವರ್ಷ ತುಂಬುವ ಮೊದಲೇ ಇಮ್ಮಡಿಯಾಗುತ್ತದೆ, ಹತ್ತು ವರ್ಷಕ್ಕೆ 2.59 ಪಟ್ಟಾಗುತ್ತದೆ. ನಮ್ಮ 44,980 ರೂಪಾಯಿ, ಪ್ರತಿ ವರ್ಷವೂ ಮಿತಿಯೊಳಗೇ ಏರಿದರೂ, ಯಜಮಾನರಿಗೆ 69 ಆಗುವಾಗ 1,16,000 ರೂಪಾಯಿ ದಾಟುತ್ತದೆ. ಆ ವಯಸ್ಸಿನಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಕೈ ನಡುಗುತ್ತಿರುತ್ತದೆ, ನನ್ನ ಪಾಠಕ್ಕೆ ಮಕ್ಕಳು ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ವಿಮೆ ಅತ್ಯಗತ್ಯವಾಗುವ ಹೊತ್ತಿಗೆ ಅದನ್ನು ಬಿಡಬೇಕಾಗಿ ಬರುತ್ತದೆ.

ಆಸ್ಪತ್ರೆಯ ಖರ್ಚು ಏರಿಲ್ಲ ಎಂದು ನಾನು ಹೇಳುವುದಿಲ್ಲ. ದಕ್ಷಿಣ ಬೆಂಗಳೂರಿನ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕಾಯಿಲೆ ಏನೆಂದು ಕೇಳುವ ಮೊದಲು 'ಇನ್ಶೂರೆನ್ಸಾ, ಕ್ಯಾಶಾ?' ಎಂದು ಕೇಳಿದ್ದನ್ನು ನಾವು ನೋಡಿದ್ದೇವೆ. ನಮ್ಮ ರಾಜ್ಯದಲ್ಲಿ 2007ರಿಂದಲೂ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು ಎನ್ನುತ್ತದೆ. 2017ರಲ್ಲಿ ತಿದ್ದುಪಡಿಯಾಗಿ ಜಿಲ್ಲೆಗೊಂದು ಕುಂದುಕೊರತೆ ಪ್ರಾಧಿಕಾರವೂ ಬಂತು. ಅದನ್ನು ಬಿಗಿಯಾಗಿ ಜಾರಿ ಮಾಡುವುದು ರಾಜ್ಯ ಸರ್ಕಾರದ ಹೊಣೆ. ಆದರೆ 'ಆಸ್ಪತ್ರೆ ದುಬಾರಿ' ಎಂಬ ಒಂದೇ ಮಾತಿಗೆ ಇಡೀ ಏರಿಕೆಯನ್ನು ಕಟ್ಟಿಹಾಕಲು ಬರುವುದಿಲ್ಲ. ಪ್ರಾಧಿಕಾರದ 2023–24ರ ವಾರ್ಷಿಕ ವರದಿಯ ಪ್ರಕಾರ, ಸಾರ್ವಜನಿಕ ವಲಯದ ಕಂಪನಿಗಳಿಗೆ ಆರೋಗ್ಯ ವಿಮೆಯಲ್ಲಿ ಪ್ರತಿ 100 ರೂಪಾಯಿ ಪ್ರೀಮಿಯಂಗೆ ಸುಮಾರು 103 ರೂಪಾಯಿ ಕ್ಲೇಮಿನ ವೆಚ್ಚ ಬಂದಿತ್ತು. ಆರೋಗ್ಯ ವಿಮೆಯನ್ನಷ್ಟೇ ಮಾರುವ ಖಾಸಗಿ ಕಂಪನಿಗಳಿಗೆ ಅದು ಸುಮಾರು 65 ರೂಪಾಯಿ. ಸಾರ್ವಜನಿಕ ವಲಯದಲ್ಲಿ ಗುಂಪು ವಿಮೆಯ ಪಾಲು ದೊಡ್ಡದಾದ್ದರಿಂದ ನೇರ ಹೋಲಿಕೆ ನ್ಯಾಯವಲ್ಲ, ನಿಜ. ಆದರೂ ಈ 65ರ ಆಚೆಗಿನ 35 ರೂಪಾಯಿ ಕಮಿಷನ್, ಜಾಹೀರಾತು, ಆಡಳಿತ, ಲಾಭ ಎಂದು ಹೇಗೆ ಹಂಚಿಹೋಗುತ್ತದೆ ಎಂದು ಕೇಳುವ ಹಕ್ಕು ಪಾಲಿಸಿದಾರರಿಗಿದೆ.

ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಈ ತಲೆನೋವಿಲ್ಲ. ಅವರ ಕಂಪನಿ ಸಾವಿರಾರು ನೌಕರರ ಪರವಾಗಿ ಚೌಕಾಸಿ ಮಾಡುತ್ತದೆ, ದರ ಹಿಡಿಸದಿದ್ದರೆ ಮುಂದಿನ ವರ್ಷ ಬೇರೆಯವರಿಗೆ ಕೊಡುತ್ತದೆ. ನಾವು ಒಬ್ಬೊಬ್ಬರೇ. ನಮ್ಮ ಪರವಾಗಿ ಕೂತು ಮಾತಾಡುವವರು ಯಾರೂ ಇಲ್ಲ.

ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. 2011ರಿಂದ ಆ ಸೌಲಭ್ಯ ಇದೆ. ಹಳೆಯ ಪಾಲಿಸಿಯಲ್ಲಿ ಕಳೆದ ಕಾಯುವ ಅವಧಿಯೂ (ಕೆಲವು ಕಾಯಿಲೆಗಳಿಗೆ ವಿಮೆ ಸಿಗುವ ಮೊದಲು ಕಾಯಬೇಕಾದ ಸಮಯ) ಹೊಸದಕ್ಕೆ ಜಮೆಯಾಗುತ್ತದೆ. ಆದರೆ ನಮ್ಮ ಪುಸ್ತಿಕೆಯ ಪ್ರಕಾರ ನವೀಕರಣದ ದಿನಕ್ಕೆ 60 ದಿನಕ್ಕಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, 45 ದಿನ ಬಾಕಿ ಇರುವಷ್ಟರಲ್ಲಿ ಹಾಕಿಬಿಡಬೇಕು. ಹೊಸ ಮೊತ್ತ ನಮಗೆ ತಿಳಿದದ್ದೇ ಆ ಬಾಗಿಲು ಮುಚ್ಚಿದ ಮೇಲೆ! ದರ ಬದಲಾದರೆ ಮೂರು ತಿಂಗಳು ಮುಂಚೆ ತಿಳಿಸಬೇಕು ಎಂದು ಅದೇ ಪುಸ್ತಿಕೆ ಹೇಳುತ್ತದೆ. ಆಗಸ್ಟಿನಲ್ಲಿ ಒಂದು ಇಂಗ್ಲಿಷ್ ಎಸ್‌ಎಂಎಸ್ ಬಂದಿತ್ತು, ನಿಯಮ ಮತ್ತು ದರಗಳು ಪರಿಷ್ಕರಣೆಯಾಗುತ್ತಿವೆ, ವಿವರಕ್ಕೆ ಈ ಕೊಂಡಿ ಒತ್ತಿ ಎಂದು. ನಮ್ಮ ಮೊತ್ತ ಎಷ್ಟಾಗುತ್ತದೆ ಎಂಬ ಅಂಕಿ ಅದರಲ್ಲಿರಲಿಲ್ಲ. ಮೊತ್ತವೇ ಇಲ್ಲದ ಸಂದೇಶವನ್ನು ಮುನ್ಸೂಚನೆ ಎಂದು ಒಪ್ಪಲು ನನ್ನಿಂದ ಸಾಧ್ಯವಿಲ್ಲ. ತಡವಾದರೂ ಒಂದು ಕಂಪನಿ ನಮ್ಮ ಅರ್ಜಿ ತೆಗೆದುಕೊಂಡು, ಸಕ್ಕರೆ ಕಾಯಿಲೆಯ ವರದಿ, ಶಸ್ತ್ರಚಿಕಿತ್ಸೆಯ ಕಾಗದ ಎಲ್ಲ ತರಿಸಿಕೊಂಡಿತು. ಕೊನೆಗೆ ಒಂದು ಸಾಲಿನಲ್ಲಿ ನಿರಾಕರಿಸಿತು. ನವೀಕರಣವನ್ನು ಹಳೆಯ ಕಂಪನಿ ನಿರಾಕರಿಸುವಂತಿಲ್ಲ, ಆದರೆ ಪೋರ್ಟ್ ಅರ್ಜಿಯನ್ನು ಹೊಸ ಕಂಪನಿ ನಿರಾಕರಿಸಬಹುದು. ಐವತ್ತೈದು ದಾಟಿ ಬಿಪಿ, ಶುಗರ್ ಇರುವವರಿಗೆ 'ಬಿಟ್ಟು ಹೋಗುವ ಸ್ವಾತಂತ್ರ್ಯ' ಕಾಗದದ ಮೇಲೆ ಮಾತ್ರ ಇದೆ. ಹೊಸ ಪಾಲಿಸಿ ಕೈಗೆ ಬರುವ ತನಕ ಹಳೆಯದನ್ನು ಬಿಡಲೇಬೇಡಿ ಎಂದು ಓದುಗರಲ್ಲಿ ಕೈಮುಗಿದು ಕೇಳುತ್ತೇನೆ.

ಪಾಲಿಸಿಯನ್ನೇ ನಿಲ್ಲಿಸಿ ಆ ಹಣವನ್ನು ಬ್ಯಾಂಕಿನಲ್ಲಿಡೋಣ ಎಂದು ಯಜಮಾನರು ಒಮ್ಮೆ ಹೇಳಿದರು. ಬೇಡ ಎಂದೆ. ಅರವತ್ತು ತಿಂಗಳು ಸತತವಾಗಿ ಕಟ್ಟಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, 'ಹಳೆಯ ಕಾಯಿಲೆ ಮುಚ್ಚಿಟ್ಟಿದ್ದೀರಿ' ಎಂದು ಕಂಪನಿ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ಮೊದಲು ಎಂಟು ವರ್ಷ ಇದ್ದ ಈ ಅವಧಿಯನ್ನು ಪ್ರಾಧಿಕಾರ 2024ರಲ್ಲಿ ಐದಕ್ಕೆ ಇಳಿಸಿತು. ನಾವು ಹದಿಮೂರು ವರ್ಷ ಕಟ್ಟಿ ಗಳಿಸಿದ ಈ ಹಕ್ಕು ಪಾಲಿಸಿ ಬಿಟ್ಟ ದಿನ ಹೋಗುತ್ತದೆ. ಮತ್ತೆ ಹೊಸದಾಗಿ ಸೇರಿದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ವಿಮಾ ಮೊತ್ತವನ್ನು ಐದು ಲಕ್ಷಕ್ಕೆ ಇಳಿಸಿಕೊಳ್ಳುವುದನ್ನೂ ಯೋಚಿಸಿದೆವು. ಆಮೇಲೆ ಏರಿಸಬೇಕೆಂದರೆ ಏರಿಸಿದ ಭಾಗಕ್ಕೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಕಂಪನಿ ಒಪ್ಪಬೇಕು ಕೂಡ. ಇನ್ನೂ ಆರೋಗ್ಯವಾಗಿರುವ ಕಿರಿಯರಿಗೆ ಸಣ್ಣ ಮೂಲ ಪಾಲಿಸಿಯ ಮೇಲೆ ಸೂಪರ್ ಟಾಪ್‌ಅಪ್ (ಖರ್ಚು ಒಂದು ಮಿತಿ ದಾಟಿದ ಮೇಲೆ ನೆರವಾಗುವ ಹೆಚ್ಚುವರಿ ಪಾಲಿಸಿ) ತೆಗೆದುಕೊಳ್ಳುವುದು ಒಳ್ಳೆಯ ದಾರಿ. ಬರೀ ಟಾಪ್‌ಅಪ್ ಆದರೆ ಪ್ರತಿಯೊಂದು ಬಿಲ್ಲೂ ಬೇರೆ ಬೇರೆಯಾಗಿ ಮಿತಿ ದಾಟಬೇಕು. ಸೂಪರ್ ಟಾಪ್‌ಅಪ್‌ನಲ್ಲಿ ವರ್ಷದ ಬಿಲ್ಲುಗಳೆಲ್ಲ ಸೇರಿ ಮಿತಿ ದಾಟಿದರೆ ಸಾಕು. ಆರೋಗ್ಯ ವಿಮೆಯ ಕಂತಿಗೆ ಸಿಗುವ ಆದಾಯ ತೆರಿಗೆಯ 80ಡಿ ವಿನಾಯಿತಿಯನ್ನು ಹಲವರು ನೆನಪಿಸುತ್ತಾರೆ. ಅದು ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ ಸಿಗುವಂಥದ್ದು, ನಮ್ಮಂಥವರಿಗೆ ಅದರಿಂದ ಕವಡೆಕಾಸಿನ ಪ್ರಯೋಜನವಿಲ್ಲ.

ಕೊನೆಗೆ ಒಂದು ಠೇವಣಿ ಮುರಿಸಿ, ಅವಧಿಯೊಳಗೇ ಪೂರ್ತಿ ಹಣ ಕಟ್ಟಿದೆವು. ಜತೆಗೆ ದೂರು ಕೊಡುವುದನ್ನೂ ಬಿಡಲಿಲ್ಲ. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ದಾಖಲಿಸಿದ್ದೇವೆ. ಅದಾದ ಮೇಲೆ ಜೆ.ಪಿ. ನಗರ ಮೊದಲ ಹಂತದ ಜೀವನ ಸೌಧ ಕಟ್ಟಡದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೂ ಅರ್ಜಿ ಹಾಕಿದ್ದೇವೆ. ಇಡೀ ಕರ್ನಾಟಕದ ದೂರುಗಳು ಅಲ್ಲಿಗೇ ಬರುತ್ತವೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾದಿರಬೇಕು ಅಥವಾ ಅವರ ಉತ್ತರ ತೃಪ್ತಿ ಕೊಡದಂತಿರಬೇಕು, ಅಷ್ಟೇ. ಪಾಲಿಸಿಯ ಷರತ್ತಿನಂತೆ ಕಟ್ಟಬೇಕಾದ ಪ್ರೀಮಿಯಂ ಕುರಿತ ವಿವಾದಗಳನ್ನೂ ಅವರು ವಿಚಾರಿಸಬಹುದು. ದರವನ್ನೇ ಇಳಿಸುವ ಅಧಿಕಾರ ಅವರಿಗೆ ಇದೆ ಎಂದು ನಾನು ಭಾವಿಸಿಲ್ಲ. ಮೂರು ತಿಂಗಳ ಮುನ್ಸೂಚನೆಯ ಷರತ್ತು ಪಾಲನೆಯಾಗಿಲ್ಲ ಎಂಬುದೇ ನನ್ನ ದೂರು.

2024ರಲ್ಲಿ ಇದೇ ಪ್ರಾಧಿಕಾರ, ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟುವ ಕ್ಯಾಶ್‌ಲೆಸ್ ಮನವಿಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದು ಕಂಪನಿಗಳಿಗೆ ಆದೇಶಿಸಿತು. ಗಂಟೆಗಳ ಲೆಕ್ಕದಲ್ಲಿ ಕಂಪನಿಗಳನ್ನು ಬಿಗಿ ಹಿಡಿಯಬಲ್ಲ ಸಂಸ್ಥೆಗೆ ಇನ್ನೆರಡು ಕೆಲಸ ಕಷ್ಟವಾಗಲಾರದು. ಐದು ವರ್ಷ ಸತತವಾಗಿ ಪಾಲಿಸಿ ಉಳಿಸಿಕೊಂಡ ಪ್ರತಿಯೊಬ್ಬ ವೈಯಕ್ತಿಕ ಪಾಲಿಸಿದಾರರಿಗೂ, ವಯಸ್ಸು ಎಷ್ಟೇ ಇರಲಿ, ಶೇ 10ರ ಮಿತಿ ಅನ್ವಯಿಸಲಿ. ಮತ್ತು ಮೂರು ತಿಂಗಳ ಮುನ್ಸೂಚನೆಯಲ್ಲಿ ಹಳೆಯ ಮೂಲ ದರ, ಹೊಸ ಮೂಲ ದರ, ವಯಸ್ಸಿನಿಂದ ಎಷ್ಟು, ಯೋಜನೆಯ ಪರಿಷ್ಕರಣೆಯಿಂದ ಎಷ್ಟು, ತೆರಿಗೆ ಬದಲಾವಣೆಯಿಂದ ಎಷ್ಟು ಎಂಬುದನ್ನು ರೂಪಾಯಿಗಳಲ್ಲಿ, ಕರ್ನಾಟಕದ ಪಾಲಿಸಿದಾರರಿಗೆ ಕನ್ನಡದಲ್ಲಿ ತಿಳಿಸಲಿ.

ಬೆಂಗಳೂರಿನ ಸಂಸದರಲ್ಲಿ ನನ್ನ ವಿನಂತಿ: ಮುಂದಿನ ಅಧಿವೇಶನದಲ್ಲಿ ಹಣಕಾಸು ಸಚಿವರಿಗೆ ಒಂದು ಲಿಖಿತ ಪ್ರಶ್ನೆ ಹಾಕಿ. 2025ರ ಸೆಪ್ಟೆಂಬರ್ 22ರ ನಂತರ ಎಷ್ಟು ವೈಯಕ್ತಿಕ ಆರೋಗ್ಯ ವಿಮಾ ಯೋಜನೆಗಳು ಮೂಲ ದರ ಏರಿಸಿವೆ, ಶೇಕಡ ಎಷ್ಟು, ಅದರಲ್ಲಿ 60 ವರ್ಷದೊಳಗಿನ ಪಾಲಿಸಿದಾರರು ಎಷ್ಟು ಮಂದಿ? ಕಂಪನಿವಾರು ಉತ್ತರ ಬರಲಿ, ಪತ್ರಿಕೆಗಳು ಅದನ್ನು ಪೂರ್ತಿಯಾಗಿ ಅಚ್ಚು ಹಾಕಲಿ.

ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ, ಹನುಮಂತನಗರ, ಬೆಂಗಳೂರು